ಒಂದೇ ಕುರ್ಚಿಯಲ್ಲಿ ಎಷ್ಟು ಅಧಿಕಾರ?

(ಉಪನ್ಯಾಸದ ಪಠ್ಯ)

ದಕ್ಷಿಣ ಕನ್ನಡ ಜಿಲ್ಲೆಯ ಕೃಷಿಕನೊಬ್ಬನಿಗೆ ಕಾಡುಹಂದಿಯ ಕಾಟದಿಂದ ಬೆಳೆ ಉಳಿಸಿಕೊಳ್ಳಲು ಕೋವಿಯ ಪರವಾನಿಗೆ ಬೇಕಾದರೆ ಅದನ್ನು ಕೊಡುವವರು ಜಿಲ್ಲಾಧಿಕಾರಿ. ಚುನಾವಣೆ ಬಂದಾಗ ಅದೇ ಕೋವಿಯನ್ನು ಪೊಲೀಸ್ ಠಾಣೆಯಲ್ಲಿ ಠೇವಣಿ ಇಡಬೇಕೆಂದು ಆಜ್ಞೆ ಹೊರಡಿಸುವವರೂ ಅವರೇ. ಆತನ ಜಮೀನಿನ ಪಹಣಿಯಲ್ಲಿ ತಪ್ಪಾಗಿದ್ದರೆ ಮೇಲ್ಮನವಿ ಕೊನೆಗೆ ಅವರಲ್ಲಿಗೆ ಹೋಗುತ್ತದೆ. ಆತನ ಊರಿಗೆ ಖಾಸಗಿ ಬಸ್ಸು ಓಡಬೇಕೇ, ಎಷ್ಟು ಗಂಟೆಗೆ ಓಡಬೇಕು ಎಂದು ತೀರ್ಮಾನಿಸುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರದ ಅಧ್ಯಕ್ಷರೂ ಅವರೇ. ಮಳೆಗಾಲದಲ್ಲಿ ನೇತ್ರಾವತಿ ಉಕ್ಕಿದರೆ ಶಾಲೆಗಳಿಗೆ ರಜೆ ಸಾರುವವರು, ಪರಿಹಾರ ಹಂಚುವವರು, ಮತದಾರರ ಪಟ್ಟಿಯ ಹೊಣೆ ಹೊತ್ತವರು, ಗಲಭೆಯ ಸಂದರ್ಭದಲ್ಲಿ ನಿಷೇಧಾಜ್ಞೆ ಜಾರಿ ಮಾಡುವವರು, ಎಲ್ಲರೂ ಒಬ್ಬರೇ.

ಒಬ್ಬ ವ್ಯಕ್ತಿ, ಒಂದು ಕುರ್ಚಿ, ಇಷ್ಟೊಂದು ಅಧಿಕಾರ. ಇದು ಹೇಗೆ ಬಂತು? ಯಾರು ಇವುಗಳನ್ನು ಒಟ್ಟುಗೂಡಿಸಿದರು? ಯಾವುದನ್ನು ಯಾವಾಗ ಬೇರ್ಪಡಿಸಿದರು, ಏಕೆ? ಜಿಲ್ಲೆಯ ಆಡಳಿತದ ಚರಿತ್ರೆ ಎಂದರೆ ಕಲೆಕ್ಟರರ ಹೆಸರುಗಳ ಪಟ್ಟಿಯಲ್ಲ. ಹುದ್ದೆಗಳನ್ನು ಸೃಷ್ಟಿಸಿದ, ಕೂಡಿಸಿದ, ಒಡೆದ, ಮತ್ತೆ ಕೂಡಿಸಿದ ಕಥೆ. ಆ ಕಥೆಯ ಪರಿಣಾಮ ಕಚೇರಿಯ ಒಳಗಿರುವವನಿಗಿಂತ ಹೆಚ್ಚಾಗಿ ಅರ್ಜಿ ಹಿಡಿದು ಹೊರಗೆ ನಿಂತವನ ಮೇಲೆ ಆಗುತ್ತದೆ. ಆದ್ದರಿಂದ ಅವನ ಕಡೆಯಿಂದಲೇ ಇದನ್ನು ನೋಡುವುದು ಒಳ್ಳೆಯದು.

ಮನ್ರೋ ತಂದ ವ್ಯವಸ್ಥೆ

1799ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣ ಬಿದ್ದು ಟಿಪ್ಪು ಸುಲ್ತಾನ ಮಡಿದ ಬಳಿಕ ಕರಾವಳಿಯ ಕೆನರಾ ಪ್ರಾಂತ ಈಸ್ಟ್ ಇಂಡಿಯಾ ಕಂಪೆನಿಯ ವಶವಾಯಿತು. ಅದರ ಮೊದಲ ಕಲೆಕ್ಟರನಾಗಿ ಬಂದವನು ಥಾಮಸ್ ಮನ್ರೋ. ಅವನು ಇಲ್ಲಿ ಇದ್ದದ್ದು 1800ರ ಅಕ್ಟೋಬರಿನವರೆಗೆ ಮಾತ್ರ. ಆದರೆ ಭೂಕಂದಾಯದ ಲೆಕ್ಕ, ಮೂಲಗೇಣಿ ಚಾಲಗೇಣಿಗಳ ವಿವರ, ಭೂಮಿಯ ಒಡೆತನದ ಪ್ರಶ್ನೆ, ಎಲ್ಲದರ ಬಗೆಗೂ ಅವನು ಬರೆದ ಪತ್ರಗಳು ಮುಂದಿನ ಆಡಳಿತಕ್ಕೆ ತಳಪಾಯವಾದವು. ಅವನು ಹೋದ ಮೇಲೆ ಪ್ರಾಂತವನ್ನು ಉತ್ತರ, ದಕ್ಷಿಣ ಎಂದು ಇಬ್ಬರು ಕಲೆಕ್ಟರರಿಗೆ ಹಂಚಲಾಯಿತು. 1801ರಲ್ಲಿ ಈ ದಾರಿಯಾಗಿ ಪ್ರವಾಸ ಮಾಡಿದ ಫ್ರಾನ್ಸಿಸ್ ಬುಕಾನನ್ ದಕ್ಷಿಣದ ಕಲೆಕ್ಟರ್ ರೇವನ್‌ಷಾನನ್ನು ಭೇಟಿಯಾಗಿದ್ದ. ಮುಂದೆ ಎರಡು ಭಾಗಗಳೂ ಮತ್ತೆ ಒಂದಾದವು. 1862ರಲ್ಲಿ ಮತ್ತೊಮ್ಮೆ ಒಡೆದು ಉತ್ತರ ಕೆನರಾ ಮುಂಬಯಿಗೂ ದಕ್ಷಿಣ ಕೆನರಾ ಮದ್ರಾಸಿಗೂ ಸೇರಿದವು. ಹೀಗೆ ಮೊದಲ ಅರುವತ್ತು ವರ್ಷಗಳಲ್ಲೇ ಈ ಜಿಲ್ಲೆ ಒಂದಾಗಿ, ಎರಡಾಗಿ, ಮತ್ತೆ ಒಂದಾಗಿ, ಮತ್ತೆ ಎರಡಾಯಿತು.

ಗಡಿಗಳ ಈ ಕೂಡಿಸಾಟಕ್ಕಿಂತ ಮುಖ್ಯವಾದದ್ದು ಅಧಿಕಾರಗಳ ಕೂಡಿಸಾಟ. ಬಂಗಾಳದಲ್ಲಿ ಕಾರ್ನ್‌ವಾಲಿಸ್ 1793ರಲ್ಲಿ ಒಂದು ತತ್ವವನ್ನು ಮುಂದಿಟ್ಟಿದ್ದ: ಕಂದಾಯ ಎತ್ತುವವನೇ ನ್ಯಾಯ ಹೇಳಬಾರದು. ಎತ್ತಿದ ಕಂದಾಯ ಹೆಚ್ಚಾಯಿತೆಂದು ರೈತ ದೂರು ಕೊಟ್ಟರೆ ಆ ದೂರನ್ನು ಎತ್ತಿದವನೇ ವಿಚಾರಿಸುವುದು ನ್ಯಾಯವಲ್ಲ ಎಂಬುದು ಇದರ ಹಿಂದಿನ ತರ್ಕ. 1802ರ ರೆಗ್ಯುಲೇಶನ್‌ಗಳು ಇದೇ ತತ್ವವನ್ನು ಮದ್ರಾಸ್ ಆಧಿಪತ್ಯಕ್ಕೂ ತಂದವು. ಜಿಲ್ಲಾ ಜಡ್ಜನೇ ಮ್ಯಾಜಿಸ್ಟ್ರೇಟನಾದ. ಕಲೆಕ್ಟರನಿಗೆ ಕಂದಾಯ ಮಾತ್ರ ಉಳಿಯಿತು.

ಮನ್ರೋಗೆ ಇದು ಒಪ್ಪಿಗೆಯಾಗಲಿಲ್ಲ. ಪರದೇಶದಿಂದ ತಂದ ಈ ವಿಂಗಡಣೆ ಖರ್ಚಿನದು, ನಿಧಾನದ್ದು, ಜನರಿಗೆ ಅರ್ಥವಾಗದ್ದು ಎಂದು ಅವನ ವಾದ. 1814ರಲ್ಲಿ ನ್ಯಾಯಾಡಳಿತ ಸುಧಾರಣೆಯ ಆಯೋಗದ ಮುಖ್ಯಸ್ಥನಾಗಿ ಅವನು ಮದ್ರಾಸಿಗೆ ಮರಳಿ ಬಂದ. 1816ರ ರೆಗ್ಯುಲೇಶನ್‌ಗಳು ಅವನ ಪ್ರಯತ್ನದ ಫಲ. ಮ್ಯಾಜಿಸ್ಟ್ರೇಟನ ಅಧಿಕಾರ ಜಡ್ಜನಿಂದ ಕಲೆಕ್ಟರನಿಗೆ ಬಂತು. ತಾಲೂಕಿನಲ್ಲಿ ಕಂದಾಯ ಎತ್ತುವ ತಹಶೀಲ್ದಾರನೇ ಪೊಲೀಸ್ ಮುಖ್ಯಸ್ಥನಾದ. ಗ್ರಾಮದಲ್ಲಿ ಪಟೇಲನೇ ಕಂದಾಯ ವಸೂಲಿಯ ಹೊಣೆ ಹೊತ್ತ, ಅವನೇ ಪೊಲೀಸಿನವನಾದ, ಹತ್ತು ರೂಪಾಯಿಯವರೆಗಿನ ಸಣ್ಣ ವ್ಯಾಜ್ಯಗಳನ್ನು ತೀರ್ಮಾನಿಸುವ ಗ್ರಾಮ ಮುನ್ಸೀಫನೂ ಆದ.

ಇದರಲ್ಲಿ ಒಂದು ಗುಣವಿತ್ತು. ಹತ್ತು ರೂಪಾಯಿಯ ಸಾಲದ ಜಗಳಕ್ಕೆ ಹೊಳೆ ದಾಟಿ, ಘಟ್ಟದ ಬುಡದಿಂದ ಮಂಗಳೂರಿನವರೆಗೆ ನಡೆಯಬೇಕಾಗಿರಲಿಲ್ಲ. ಊರಿನ ವಿಷಯ ಊರಿನಲ್ಲೇ ತೀರುತ್ತಿತ್ತು. ಆದರೆ ಇದರಲ್ಲೇ ಒಂದು ಅಪಾಯವೂ ಇತ್ತು. ಪಟೇಲ ಅನ್ಯಾಯ ಮಾಡಿದರೆ ದೂರು ಕೊಡಬೇಕಾದದ್ದು ಯಾರಿಗೆ? ಪೊಲೀಸ್ ಮುಖ್ಯಸ್ಥನಾದ ತಹಶೀಲ್ದಾರನಿಗೆ. ಅಂದರೆ ಪಟೇಲನಿಂದ ಕಂದಾಯದ ಹಣ ಬರಬೇಕೆಂದು ಕಾದು ಕುಳಿತವನಿಗೇ. ಅವನ ಮೇಲೆ ದೂರಿದ್ದರೆ ಕಲೆಕ್ಟರನಿಗೆ. ಅವನಿಗೂ ಬೇಕಾದದ್ದು ಅದೇ ಕಂದಾಯ. ಮೆಟ್ಟಿಲು ಮೂರು ಇದ್ದರೂ ಮೂರರ ಮೇಲೂ ನಿಂತದ್ದು ಒಂದೇ ಹಿತಾಸಕ್ತಿ.

ಚಿತ್ರಹಿಂಸೆಯ ವರದಿ

ಈ ಅಪಾಯ ಬರಿಯ ಊಹೆಯಲ್ಲ ಎಂದು ತಿಳಿಯಲು ಸುಮಾರು ನಲುವತ್ತು ವರ್ಷಗಳು ಬೇಕಾದವು. ಮದ್ರಾಸ್ ಆಧಿಪತ್ಯದಲ್ಲಿ ಕಂದಾಯ ವಸೂಲಿಗಾಗಿ ರೈತರಿಗೆ ಚಿತ್ರಹಿಂಸೆ ಕೊಡಲಾಗುತ್ತಿದೆ ಎಂಬ ಮಾತು ಬ್ರಿಟಿಷ್ ಪಾರ್ಲಿಮೆಂಟಿನವರೆಗೆ ಹೋಯಿತು. ತನಿಖೆಗೆ ನೇಮಕವಾದ ಆಯೋಗ 1855ರಲ್ಲಿ ವರದಿ ಒಪ್ಪಿಸಿತು. ಬಿಸಿಲಲ್ಲಿ ಬಗ್ಗಿಸಿ ನಿಲ್ಲಿಸುವುದು, ಕೋಲುಗಳ ನಡುವೆ ಬೆರಳು ಅದುಮುವುದು ಮುಂತಾದ ಕ್ರೂರ ವಿಧಾನಗಳು ಬಳಕೆಯಲ್ಲಿದ್ದುದನ್ನು ಅದು ಒಪ್ಪಿಕೊಂಡಿತು. ಅದಕ್ಕಿಂತ ಮುಖ್ಯವಾಗಿ, ಕಂದಾಯ ಮತ್ತು ಪೊಲೀಸು ಒಂದೇ ನೌಕರನ ಕೈಯಲ್ಲಿ ಇರುವುದೇ ಇದಕ್ಕೆ ಅವಕಾಶ ಮಾಡಿಕೊಟ್ಟಿದೆ ಎಂಬುದನ್ನು ಗುರುತಿಸಿತು. ಹಣ ಕೇಳುವ ಬಾಯಿ, ಹಿಡಿದು ಕೂಡಿಹಾಕುವ ಕೈ, ಎರಡೂ ಒಂದೇ ದೇಹದಲ್ಲಿದ್ದರೆ ಆಗುವುದೇನು ಎಂಬುದಕ್ಕೆ ಆ ವರದಿ ಸಾಕ್ಷಿ.

ಇದರ ಬೆನ್ನಿಗೇ 1859ರಲ್ಲಿ ಮದ್ರಾಸ್ ಪೊಲೀಸ್ ಕಾಯಿದೆ ಬಂತು. ಪೊಲೀಸ್ ಇಲಾಖೆ ಕಂದಾಯದಿಂದ ಬೇರೆಯಾಗಿ ಸುಪರಿಂಟೆಂಡೆಂಟರ ಕೆಳಗೆ ಸ್ವತಂತ್ರವಾಗಿ ನಿಂತಿತು. ಇಂದು ಜಿಲ್ಲೆಗೆ ಒಬ್ಬ ಎಸ್.ಪಿ. ಬೇರೆ, ಒಬ್ಬ ಜಿಲ್ಲಾಧಿಕಾರಿ ಬೇರೆ ಇರುವುದರ ಮೂಲ ಇಲ್ಲಿದೆ. ಆದರೆ ಮ್ಯಾಜಿಸ್ಟ್ರೇಟನ ಅಧಿಕಾರ ಮಾತ್ರ ಕಲೆಕ್ಟರನಲ್ಲೇ ಉಳಿಯಿತು. ಕಂದಾಯದ ಒಡೆಯನೇ ಅಪರಾಧಿಯನ್ನು ವಿಚಾರಿಸುವ ಈ ಪದ್ಧತಿಯನ್ನು ಕೈಬಿಡಬೇಕೆಂಬುದು ಕಾಂಗ್ರೆಸ್ಸಿನ ಆರಂಭದ ಅಧಿವೇಶನಗಳ ಕಾಲದಿಂದಲೂ ರಾಷ್ಟ್ರೀಯ ಚಳವಳಿಯ ಬೇಡಿಕೆಯಾಗಿತ್ತು. ಸಂವಿಧಾನದ 50ನೆಯ ವಿಧಿ ನ್ಯಾಯಾಂಗವನ್ನು ಕಾರ್ಯಾಂಗದಿಂದ ಪ್ರತ್ಯೇಕಿಸಬೇಕೆಂದು ನಿರ್ದೇಶಿಸಿತು. 1974ರ ಏಪ್ರಿಲ್ 1ರಂದು ಜಾರಿಗೆ ಬಂದ ಕ್ರಿಮಿನಲ್ ಪ್ರಕ್ರಿಯಾ ಸಂಹಿತೆ ಇಡೀ ದೇಶಕ್ಕೆ ಅನ್ವಯವಾಗುವಂತೆ ವಿಚಾರಣೆ ನಡೆಸಿ ಶಿಕ್ಷೆ ಕೊಡುವ ಅಧಿಕಾರವನ್ನು ಹೈಕೋರ್ಟಿನ ಅಧೀನದ ನ್ಯಾಯಾಧೀಶರಿಗೆ ವಹಿಸಿತು. ಜಿಲ್ಲಾಧಿಕಾರಿಗೆ ಶಾಂತಿಪಾಲನೆಯ ಮಟ್ಟಿಗಿನ ಕಾರ್ಯಾಂಗ ಮ್ಯಾಜಿಸ್ಟ್ರೇಟ್ ಅಧಿಕಾರ ಉಳಿಯಿತು. 1816ರಲ್ಲಿ ಕೂಡಿದ್ದು ಪೂರ್ತಿ ಬಿಡಿಸಿಕೊಳ್ಳಲು ಒಂದೂವರೆ ಶತಮಾನಕ್ಕೂ ಹೆಚ್ಚು ಕಾಲ ಹಿಡಿಯಿತು.

ದ್ವೀಪಗಳೂ ಮಂಗಳೂರಿನ ಕೈಯಲ್ಲಿ

ಹುದ್ದೆಗಳನ್ನು ಕೂಡಿಸುವುದು ಅನಿವಾರ್ಯವಾಗುವ ಸಂದರ್ಭವೂ ಉಂಟು. ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರ ಎಂಬ ಅಮಿನ್‌ದೀವಿ ದ್ವೀಪಗಳು 1956ರವರೆಗೆ ದಕ್ಷಿಣ ಕೆನರಾ ಜಿಲ್ಲೆಗೆ ಸೇರಿದ್ದವು ಎಂಬುದು ಇಂದು ಅನೇಕರಿಗೆ ನೆನಪಿಲ್ಲ. ಮಳೆಗಾಲದಲ್ಲಿ ಹಾಯಿಹಡಗು ಹೋಗಲಾರದ ಆ ದ್ವೀಪಗಳಲ್ಲಿ ಮಂಗಳೂರಿನ ಕಲೆಕ್ಟರನ ಪ್ರತಿನಿಧಿಯಾಗಿ ಮೊನೆಗಾರ ಎಂಬ ಒಬ್ಬ ಅಧಿಕಾರಿ ಅಮಿನಿಯಲ್ಲಿ ಇರುತ್ತಿದ್ದ. ಕಂದಾಯವೂ ಸಣ್ಣಪುಟ್ಟ ವ್ಯಾಜ್ಯ, ಅಪರಾಧಗಳ ವಿಚಾರಣೆಯೂ ಅವನಿಗೇ ಸೇರಿದ್ದವು. ಅಂಥಲ್ಲಿ ನಾಲ್ಕು ಹುದ್ದೆಗೆ ನಾಲ್ವರನ್ನು ಕಳುಹಿಸುವುದು ಸಾಧ್ಯವೇ ಇರಲಿಲ್ಲ. ಜನ ಕಡಿಮೆ, ದೂರ ಹೆಚ್ಚು, ಕೆಲಸ ಸ್ವಲ್ಪ ಎಂಬಲ್ಲಿ ಕೂಡಿಸುವುದೇ ದಾರಿ. ಆದರೆ ಅನಿವಾರ್ಯವಾದದ್ದೆಲ್ಲ ಆದರ್ಶವಾಗಬೇಕಾಗಿಲ್ಲ.

ಮನೆತನದ ಹುದ್ದೆ

ಈವರೆಗೆ ಹೇಳಿದ್ದು ಅಧಿಕಾರ ಕೂಡಿಸಿದ ವಿಷಯ. ಇನ್ನು ಆ ಹುದ್ದೆಗೆ ಯಾರನ್ನು ನೇಮಿಸುವುದು ಎಂಬ ವಿಷಯ.

ಗ್ರಾಮಾಡಳಿತದಲ್ಲಿ ಪಟೇಲ ಊರಿನ ಮುಖ. ಶಾನುಭೋಗ ಊರಿನ ನೆನಪು. ಅವರ ಕೈಕೆಳಗೆ ಓಡಾಡುವವನು ಉಗ್ರಾಣಿ. ತುಳುನಾಡಿನಲ್ಲಿ ಗುತ್ತಿನ ಮನೆಗಳವರು ಪಟೇಲರಾಗುವುದು ಸಾಮಾನ್ಯವಾಗಿತ್ತು. ತಂದೆಯ ಬಳಿಕ ಮಗ, ಮಾವನ ಬಳಿಕ ಅಳಿಯ, ಹೀಗೆ ಹುದ್ದೆ ಮನೆಯೊಳಗೇ ಉಳಿಯುತ್ತಿತ್ತು. ಕೆಲಸ ಹೋಗಿ ಅರುವತ್ತು ವರ್ಷ ಕಳೆದರೂ ಶಾನುಭೋಗ, ಪಟೇಲ ಎಂಬ ಹೆಸರುಗಳು ಕುಟುಂಬಗಳಿಗೆ ಅಂಟಿಕೊಂಡೇ ಇವೆ. ಶಾನುಭೋಗರ ಲೆಕ್ಕದ ಪುಸ್ತಕ ಹಲವೆಡೆ ಇದ್ದದ್ದು ಕಚೇರಿಯಲ್ಲಲ್ಲ, ಅವರ ಮನೆಯ ಪೆಟ್ಟಿಗೆಯಲ್ಲಿ. ಯಾವ ವರ್ಗ ಯಾರದು, ಯಾರು ಗೇಣಿಗೆ ಮಾಡುತ್ತಿದ್ದಾರೆ, ಯಾವ ಕುಮ್ಕಿ ಯಾರ ಜಮೀನಿಗೆ ಸೇರಿದ್ದು ಎಂಬುದು ಆ ಪುಸ್ತಕದಲ್ಲಿತ್ತು, ಅದಕ್ಕಿಂತ ಹೆಚ್ಚಾಗಿ ಬರೆದವರ ತಲೆಯಲ್ಲಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ ಎಂಬ ಗಾದೆ ಕಲೆಕ್ಟರ್ ಮತ್ತು ಶಾನುಭೋಗರ ಮಟ್ಟಿಗೂ ಸರಿಯಾಗಿಯೇ ಇತ್ತು.

ಮದ್ರಾಸ್ ಸರಕಾರ ಈ ಮನೆತನದ ಹಕ್ಕಿಗೆ ಕಾನೂನಿನ ರೂಪ ಕೊಟ್ಟದ್ದು 1895ರ ವಂಶಪಾರಂಪರ್ಯ ಗ್ರಾಮ ಹುದ್ದೆಗಳ ಕಾಯಿದೆಯಲ್ಲಿ. ಅದರ 6ನೆಯ ಸೆಕ್ಷನ್ ಇಂದಿನ ವಿಷಯಕ್ಕೆ ನೇರವಾಗಿ ಸಂಬಂಧಪಟ್ಟದ್ದು. ರೆವಿನ್ಯೂ ಬೋರ್ಡು ಎರಡು ಮೂರು ಗ್ರಾಮಗಳನ್ನು ಕೂಡಿಸಿ ಒಂದು ಮಾಡಬಹುದು, ಒಂದನ್ನು ಒಡೆದು ಎರಡು ಮಾಡಬಹುದು. ಹಾಗೆ ಮಾಡಿದ ಕೂಡಲೆ ಹಳೆಯ ಗ್ರಾಮಗಳ ಹುದ್ದೆಗಳು ರದ್ದಾಗಿ ಹೊಸ ಗ್ರಾಮಕ್ಕೆ ಹೊಸ ಹುದ್ದೆಗಳು ಹುಟ್ಟುತ್ತವೆ. ಆದರೆ ಹೊಸ ಹುದ್ದೆಗೆ ಆರಿಸುವುದು ಹಳೆಯ ಹುದ್ದೆದಾರರ ಕುಟುಂಬಗಳಿಂದಲೇ. ಎರಡು ಗ್ರಾಮ ಒಂದಾದರೆ ಇಬ್ಬರು ಪಟೇಲರ ಮನೆಯವರ ನಡುವೆ ಸ್ಪರ್ಧೆ ಹುಟ್ಟಬಹುದು; ಮೂರನೆಯ ಮನೆಯವನು ಎಷ್ಟೇ ಓದಿದ್ದರೂ ಹೊರಗೇ ನಿಲ್ಲಬೇಕು. ಗ್ರಾಮದ ಗಡಿ ಬದಲಾಗಬಹುದು, ಮನೆತನದ ಗಡಿ ಬದಲಾಗಬಾರದು ಎಂಬುದು ಇದರ ಸಾರ.

ಸಂವಿಧಾನ ಬಂದ ಮೇಲೆ ಇದು ಪ್ರಶ್ನೆಗೆ ಒಳಗಾದದ್ದು ಆಂಧ್ರದ ಗುಂಟೂರು ಜಿಲ್ಲೆಯಿಂದ. ಅಲ್ಲಿ ಹೊಸದಾಗಿ ರಚನೆಯಾದ ಪೆರವಲಿಪಾಲೆಂ ಎಂಬ ಗ್ರಾಮಕ್ಕೆ ಗ್ರಾಮ ಮುನ್ಸೀಫನ ನೇಮಕದಲ್ಲಿ ಹಿಂದಿನ ಮುನ್ಸೀಫನ ಮಗನಿಗೆ ವಂಶದ ಆಧಾರದಲ್ಲಿ ಆದ್ಯತೆ ಸಿಕ್ಕಿತು. ಇನ್ನೊಬ್ಬ ಅರ್ಜಿದಾರ ಸುಪ್ರೀಂ ಕೋರ್ಟಿಗೆ ಹೋದ. 1960ರ ಡಿಸೆಂಬರಿನಲ್ಲಿ ಬಂದ ತೀರ್ಪು ಸ್ಪಷ್ಟವಾಗಿತ್ತು. ಗ್ರಾಮದ ಹುದ್ದೆಯೂ ಸರಕಾರದ ಹುದ್ದೆಯೇ. ಸಂವಿಧಾನದ 16ನೆಯ ವಿಧಿ ವಂಶದ ಆಧಾರದ ಮೇಲೆ ಭೇದ ಮಾಡುವುದನ್ನು ನಿಷೇಧಿಸಿದೆ. ಆದ್ದರಿಂದ ಆ ಸೆಕ್ಷನ್ನಿನ ಮೊದಲ ಉಪವಿಧಿ ಊರ್ಜಿತವಲ್ಲ. ಒಂದು ಸಣ್ಣ ಹಳ್ಳಿಯ ಚಿಕ್ಕ ಹುದ್ದೆಗಾಗಿ ನಡೆದ ಜಗಳ ದೇಶದ ಗ್ರಾಮಾಡಳಿತಕ್ಕೇ ಒಂದು ದಾರಿ ತೋರಿಸಿತು.

ಮೈಸೂರು ರಾಜ್ಯ ಇನ್ನೂ ಮುಂದೆ ಹೋಯಿತು. 1956ರ ನವೆಂಬರ್ 1ರಂದು ದಕ್ಷಿಣ ಕೆನರಾ ಮೈಸೂರಿಗೆ ಸೇರಿದಾಗ ಹೊಸ ರಾಜ್ಯದಲ್ಲಿ ಮದ್ರಾಸಿನ ಕಾನೂನು ಒಂದೆಡೆ, ಮುಂಬಯಿಯದು ಇನ್ನೊಂದೆಡೆ, ಹೈದರಾಬಾದು, ಕೊಡಗು, ಹಳೆ ಮೈಸೂರುಗಳದು ಬೇರೆ ಬೇರೆ. ಈ ಎಲ್ಲವನ್ನೂ ಒರೆಸಿ 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯಿದೆ 1963ರ ಫೆಬ್ರವರಿ 1ರಿಂದ ಜಾರಿಗೆ ಬಂತು. ಪಟೇಲಿಕೆ, ಶಾನುಭೋಗಿಕೆ ಕೊನೆಗೊಂಡವು. ಹುದ್ದೆ ಕಳೆದುಕೊಂಡವರು ಸುಪ್ರೀಂ ಕೋರ್ಟಿನವರೆಗೂ ಹೋದರು. 1966ರಲ್ಲಿ ಕೋರ್ಟು ಕಾಯಿದೆಯನ್ನೇ ಎತ್ತಿಹಿಡಿಯಿತು. ತಲಾರಿ, ತೋಟಿ, ನೀರಗಂಟಿ ಮುಂತಾದ ಕೆಳಹಂತದ ಚಾಕರಿಯವರು ಇನಾಮಾಗಿ ಪಡೆದಿದ್ದ ಜಮೀನು ಅವರಿಗೇ ಮರುಮಂಜೂರಾಗುವ ಅವಕಾಶವನ್ನು ಕಾಯಿದೆ ಇಟ್ಟಿತ್ತು. ಅಂಥ ಜಮೀನು ಬೇಗನೆ ಬಲ್ಲಿದರ ಪಾಲಾಗುವುದನ್ನು ಕಂಡು 1978ರಲ್ಲಿ ಮಾರಾಟಕ್ಕೆ ಹದಿನೈದು ವರ್ಷಗಳ ತಡೆ ಹಾಕಬೇಕಾಯಿತು.

ಪುಸ್ತಕ ಬರೆಯುವವನ ಬೆಲೆ

ಶಾನುಭೋಗರ ಜಾಗಕ್ಕೆ ಬಂದವನು ಸರಕಾರಿ ಸಂಬಳದ ಗ್ರಾಮ ಲೆಕ್ಕಿಗ. ದಕ್ಷಿಣ ಕನ್ನಡದವರ ಬಾಯಲ್ಲಿ ಗ್ರಾಮಕರಣಿಕ. 1964ರ ಭೂಕಂದಾಯ ಕಾಯಿದೆ ಒಂದು ಗ್ರಾಮಕ್ಕೆ ಅಥವಾ ಗ್ರಾಮಗಳ ಒಂದು ಗುಂಪಿಗೆ ಅವನನ್ನು ನೇಮಿಸುವ ಅಧಿಕಾರವನ್ನು ಜಿಲ್ಲಾಧಿಕಾರಿಗೆ ಕೊಟ್ಟಿತು. ಅದೇ ಕಾಯಿದೆಯಲ್ಲಿ ಇನ್ನೊಂದು ಮಾತೂ ಇದೆ: ರಾಜ್ಯ ಸರಕಾರ ಒಬ್ಬನೇ ವ್ಯಕ್ತಿಯನ್ನು ಎರಡು ಅಥವಾ ಹೆಚ್ಚು ಹುದ್ದೆಗಳಿಗೆ ನೇಮಿಸಬಹುದು, ಒಂದು ದರ್ಜೆಯ ಅಧಿಕಾರಿಗೆ ಇನ್ನೊಂದು ದರ್ಜೆಯ ಅಧಿಕಾರವನ್ನು ವಹಿಸಬಹುದು. ಕಚೇರಿಯ ಭಾಷೆಯಲ್ಲಿ ಹೆಚ್ಚುವರಿ ಪ್ರಭಾರ ಎಂದು ಕೇಳಿಬರುವುದು ಇದೇ ಕೂಡಿಸುವಿಕೆಯ ದಿನನಿತ್ಯದ ರೂಪ. ಒಂದು ವೃತ್ತದ ಗ್ರಾಮಕರಣಿಕ ವರ್ಗವಾದರೆ ಪಕ್ಕದ ವೃತ್ತದವನಿಗೆ ಅದರ ಭಾರವೂ ಬೀಳುತ್ತದೆ. ಅವನು ಇಲ್ಲಿ ಎರಡು ದಿನ, ಅಲ್ಲಿ ಮೂರು ದಿನ ಎಂದಾದಾಗ ಜಾತಿ ಪ್ರಮಾಣಪತ್ರಕ್ಕೆ ಬಂದ ಹುಡುಗ, ವಿಧವಾ ವೇತನಕ್ಕೆ ಬಂದ ಹೆಂಗಸು ಮರುದಿನ ಬರಬೇಕಾಗುತ್ತದೆ. ಸರಕಾರಕ್ಕೆ ಉಳಿದ ಒಂದು ಸಂಬಳದ ಬೆಲೆಯನ್ನು ಆ ಹೆಂಗಸು ಬಸ್ಸಿನ ಟಿಕೆಟಿನಲ್ಲಿ, ತಪ್ಪಿದ ದಿನಗೂಲಿಯಲ್ಲಿ ತೆರುತ್ತಾಳೆ.

ಪುಸ್ತಕ ಬರೆಯುವವನ ಬೆಲೆ ಎಲ್ಲಕ್ಕಿಂತ ಹೆಚ್ಚು ಗೊತ್ತಾದದ್ದು ಭೂಸುಧಾರಣೆಯ ಕಾಲದಲ್ಲಿ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ತಿದ್ದುಪಡಿಯಂತೆ ಗೇಣಿ ಜಮೀನು ಸರಕಾರಕ್ಕೆ ಸೇರಿ, ಉಳುವವನು ಒಡೆತನಕ್ಕಾಗಿ ಡಿಕ್ಲರೇಶನ್ ಕೊಡಬೇಕಾಯಿತು. ಗೇಣಿ ಪದ್ಧತಿ ವ್ಯಾಪಕವಾಗಿದ್ದ ದಕ್ಷಿಣ ಕನ್ನಡದಲ್ಲಿ ಇದು ಮನೆಮನೆಯ ವಿಷಯ. ಗೇಣಿದಾರನೆಂದು ಪಹಣಿಯಲ್ಲಿ ಹೆಸರು ಬಿದ್ದಿದೆಯೇ ಇಲ್ಲವೇ ಎಂಬುದರ ಮೇಲೆ ಒಂದು ಕುಟುಂಬದ ಮುಂದಿನ ತಲೆಮಾರುಗಳ ಬಾಳು ನಿಂತಿತ್ತು. ಆ ತೀರ್ಮಾನವನ್ನು ಸರಕಾರ ಎಂದಿನ ಕಂದಾಯ ಕಚೇರಿಗೆ ಮಾತ್ರ ಬಿಡಲಿಲ್ಲ ಎಂಬುದು ಗಮನಿಸಬೇಕಾದ ವಿಷಯ. ಅಸಿಸ್ಟೆಂಟ್ ಕಮಿಶನರ್ ಅಧ್ಯಕ್ಷರಾಗಿ, ಸರಕಾರ ನಾಮಕರಣ ಮಾಡಿದ ನಾಲ್ವರು ಸದಸ್ಯರಿದ್ದ, ಅವರಲ್ಲಿ ಒಬ್ಬರಾದರೂ ಪರಿಶಿಷ್ಟ ಜಾತಿ ಅಥವಾ ಪಂಗಡದವರಾಗಿರಬೇಕಾದ ಭೂನ್ಯಾಯ ಮಂಡಳಿಗಳು ರಚನೆಯಾದವು. ಅಧಿಕಾರಿ ಮತ್ತು ಜನಪ್ರತಿನಿಧಿಗಳನ್ನು ಒಂದೇ ಮೇಜಿನ ಸುತ್ತ ಕೂರಿಸಿದ ಈ ಸಂಯೋಜನೆಯ ಬಗ್ಗೆ ಭೂಮಾಲಿಕರ ಆಕ್ಷೇಪ ಇತ್ತು, ರಾಜಕೀಯ ಬೆರೆತಿತೆಂಬ ಟೀಕೆಯೂ ಇತ್ತು. ಆದರೆ ಪುಸ್ತಕದಲ್ಲಿ ಬರೆಯದೆ ಬಿಟ್ಟ ಹೆಸರನ್ನು ಊರು ಬಲ್ಲವರ ಎದುರು ಬಾಯಿಬಿಟ್ಟು ಹೇಳಲು ಒಕ್ಕಲಿಗೆ ಒಂದು ಜಾಗ ಸಿಕ್ಕಿತು.

ಮುಂದೆ ಪುಸ್ತಕವೇ ಗ್ರಾಮಕರಣಿಕನ ಕೈಬಿಟ್ಟಿತು. ಈ ಶತಮಾನದ ಆರಂಭದಲ್ಲಿ ಭೂಮಿ ಯೋಜನೆ ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ತಾಲೂಕು ಕಚೇರಿಗಳ ಕಂಪ್ಯೂಟರಿಗೆ ಏರಿಸಿತು. ಸುಮಾರು 9 ಸಾವಿರ ಗ್ರಾಮ ಲೆಕ್ಕಿಗರ ಕೈಬರಹದ ಪಹಣಿಗೆ ಮಾನ್ಯತೆ ಹೋಯಿತು. ಬರೆಯುವ ಕೈ, ಕಾಪಾಡುವ ಪೆಟ್ಟಿಗೆ, ನಕಲು ಕೊಡುವ ಕಿಟಕಿ ಮೂರೂ ಹಿಂದೆ ಒಬ್ಬನವೇ ಆಗಿದ್ದವು. ಈಗ ಬೇರೆ ಬೇರೆಯಾದವು. ನೇಮಕದ ಬಗೆಯೂ ಬದಲಾಯಿತು. ಪಿ.ಯು.ಸಿ. ಅಂಕಗಳ ಆಧಾರದಲ್ಲಿ ಜಿಲ್ಲಾ ಮಟ್ಟದಲ್ಲಿ ಆಗುತ್ತಿದ್ದ ಆಯ್ಕೆಯ ಬದಲು, ಗ್ರಾಮ ಆಡಳಿತ ಅಧಿಕಾರಿ ಎಂಬ ಹೊಸ ಹೆಸರಿನ 1000 ಹುದ್ದೆಗಳಿಗೆ 2024ರಲ್ಲಿ ರಾಜ್ಯಮಟ್ಟದ ಸ್ಪರ್ಧಾತ್ಮಕ ಪರೀಕ್ಷೆ ನಡೆಯಿತು. ಗುತ್ತಿನ ಮನೆಯಿಂದ ಪರೀಕ್ಷಾ ಕೊಠಡಿಯವರೆಗಿನ ಈ ದಾರಿ ಸಣ್ಣದಲ್ಲ.

ಗಡಿ ಬದಲಾದಾಗ

ಹುದ್ದೆಗಳ ಜತೆ ಜಿಲ್ಲೆಗಳೂ ಒಡೆದವು. 1997ರ ಆಗಸ್ಟ್ 25ರಂದು ಉಡುಪಿ, ಕುಂದಾಪುರ, ಕಾರ್ಕಳ ತಾಲೂಕುಗಳು ಸೇರಿ ಉಡುಪಿ ಜಿಲ್ಲೆಯಾದವು. ಅದುವರೆಗೆ ಕುಂದಾಪುರದವರು ಜಿಲ್ಲಾ ಕಚೇರಿಗೆಂದು ಸುಮಾರು 90 ಕಿಲೋಮೀಟರ್ ದೂರದ ಮಂಗಳೂರಿಗೆ ಬರಬೇಕಿತ್ತು. ಹೊಸ ಜಿಲ್ಲೆಯೆಂದರೆ ಹೊಸ ಜಿಲ್ಲಾಧಿಕಾರಿ, ಹೊಸ ಎಸ್.ಪಿ., ಒಂದೊಂದು ಇಲಾಖೆಗೂ ಹೊಸ ಮುಖ್ಯಸ್ಥ. ಖರ್ಚು ಹೆಚ್ಚಾಯಿತು, ದೂರ ಕಡಿಮೆಯಾಯಿತು. ಆದರೆ ಎಲ್ಲವನ್ನೂ ಒಡೆಯಲಿಲ್ಲ. ದಕ್ಷಿಣ ಕನ್ನಡ ಜಿಲ್ಲಾ ಕೇಂದ್ರ ಸಹಕಾರಿ ಬ್ಯಾಂಕು, ಹಾಲು ಒಕ್ಕೂಟ ಎರಡೂ ಜಿಲ್ಲೆಗಳಿಗೆ ಒಂದಾಗಿಯೇ ಉಳಿದವು. ಹಾಲು ಸಂಗ್ರಹಕ್ಕೆ, ಸಾಲಕ್ಕೆ ಗಾತ್ರವೇ ಬಲ. ದೂರಿಗೆ, ಅರ್ಜಿಗೆ ಸಾಮೀಪ್ಯವೇ ಬಲ ಎಂಬ ವ್ಯತ್ಯಾಸ ಇಲ್ಲಿ ತಾನಾಗಿಯೇ ಕಾಣಿಸಿತು. ಅನಂತರ ದಕ್ಷಿಣ ಕನ್ನಡದೊಳಗೇ ಮೂಡುಬಿದಿರೆ, ಕಡಬ, ಮೂಲ್ಕಿ, ಉಳ್ಳಾಲ ತಾಲೂಕುಗಳೂ ಹುಟ್ಟಿದವು.

ಕಾಸರಗೋಡಿನ ಅನುಭವ ಬೇರೆ. 1956ರಲ್ಲಿ ಆ ತಾಲೂಕು ಕೇರಳಕ್ಕೆ ಸೇರಿದಾಗ ಮಂಗಳೂರಿನಲ್ಲಿದ್ದ ಜಿಲ್ಲಾ ಕಚೇರಿ ಕಣ್ಣೂರಿಗೆ ಹೋಯಿತು. 1984ರ ಮೇ 24ರಂದು ಕಾಸರಗೋಡೇ ಜಿಲ್ಲಾ ಕೇಂದ್ರವಾದ ಮೇಲೆ ದೂರ ತಗ್ಗಿತು. ಆದರೆ ಅಲ್ಲಿನ ಕನ್ನಡಿಗರಿಗೆ ದೂರದಷ್ಟೇ ದೊಡ್ಡ ಪ್ರಶ್ನೆ ಭಾಷೆಯದು. ಕಚೇರಿ ಹತ್ತಿರವಿದ್ದರೂ ಒಳಗೆ ಕುಳಿತವನಿಗೆ ಕನ್ನಡದ ಅರ್ಜಿ ಓದಲು ಬಾರದಿದ್ದರೆ ಆ ಕಚೇರಿ ದೂರವೇ. ಆದ್ದರಿಂದಲೇ ಕನ್ನಡ ಮತ್ತು ಮಲಯಾಳ ಎರಡೂ ಬಲ್ಲವರಿಗೆಂದು ಆ ಜಿಲ್ಲೆಯಲ್ಲಿ ಕೇರಳ ಲೋಕಸೇವಾ ಆಯೋಗ ಪ್ರತ್ಯೇಕ ಹುದ್ದೆಗಳಿಗೆ ಪರೀಕ್ಷೆ ನಡೆಸುವುದು. ನೇಮಕವೆಂದರೆ ಕುರ್ಚಿ ತುಂಬುವುದಷ್ಟೇ ಅಲ್ಲ, ಎದುರು ನಿಂತವನ ಮಾತು ತಿಳಿಯುವವನನ್ನು ಕೂರಿಸುವುದು.

ಮತ್ತೆ ಕೂಡಿದ ಅಧಿಕಾರ

ಅಭಿವೃದ್ಧಿಯ ಅಧಿಕಾರದ ಕಥೆಯೂ ಇದೇ. ಆರಂಭದಲ್ಲಿ ಜಿಲ್ಲಾ ಬೋರ್ಡಿನ ಅಧ್ಯಕ್ಷತೆ ಕಲೆಕ್ಟರನದೇ ಆಗಿತ್ತು. ಮುಂದೆ ಅದು ಚುನಾಯಿತರ ಕೈಗೆ ಬಂತು. 1983ರ ಜಿಲ್ಲಾ ಪರಿಷತ್ ಕಾಯಿದೆಯ ಪ್ರಕಾರ 1987ರ ಚುನಾವಣೆಯ ಬಳಿಕ ಕರ್ನಾಟಕ ಒಂದು ದಿಟ್ಟ ಪ್ರಯೋಗ ಮಾಡಿತು. ಪರಿಷತ್ತಿನ ಮುಖ್ಯ ಕಾರ್ಯದರ್ಶಿಯಾಗಿ ಜಿಲ್ಲಾಧಿಕಾರಿಗಿಂತ ಹಿರಿಯರಾದ ಅಧಿಕಾರಿಯನ್ನು ನೇಮಿಸಿ, ಶಾಲೆ, ಆಸ್ಪತ್ರೆ, ಕೃಷಿ ಮೊದಲಾದ ವಿಷಯಗಳನ್ನು ಜಿಲ್ಲಾಧಿಕಾರಿಯ ಕುರ್ಚಿಯಿಂದ ಬಿಡಿಸಿತು. ಆ ಶಕ್ತಿ ಮುಂದೆ ಅಷ್ಟು ಉಳಿಯಲಿಲ್ಲವಾದರೂ ಜಿಲ್ಲಾ ಪಂಚಾಯತಿಗೆ ಪ್ರತ್ಯೇಕ ಮುಖ್ಯ ಕಾರ್ಯನಿರ್ವಾಹಕ ಅಧಿಕಾರಿ ಇರುವ ಪದ್ಧತಿ ನಿಂತಿದೆ.

ಇದಕ್ಕೆ ಎದುರು ದಿಕ್ಕಿನ ಬದಲಾವಣೆ ಮಂಗಳೂರು ನಗರದಲ್ಲಿ ಆಯಿತು. 2010ರಲ್ಲಿ ಮಂಗಳೂರಿಗೆ ಪೊಲೀಸ್ ಕಮಿಶನರೇಟ್ ಬಂತು. ನಗರದ ಮಟ್ಟಿಗೆ ನಿಷೇಧಾಜ್ಞೆ ಹೊರಡಿಸುವಂಥ ಮ್ಯಾಜಿಸ್ಟ್ರೇಟ್ ಅಧಿಕಾರ ಜಿಲ್ಲಾಧಿಕಾರಿಯಿಂದ ಪೊಲೀಸ್ ಕಮಿಶನರಿಗೆ ಬಂತು. ನಗರದ ಹೊರಗೆ ಅದು ಜಿಲ್ಲಾಧಿಕಾರಿಯಲ್ಲೇ ಇದೆ. ತುರ್ತಿನ ಹೊತ್ತಿನಲ್ಲಿ ಒಬ್ಬರ ಅಪ್ಪಣೆಗೆ ಇನ್ನೊಬ್ಬರು ಕಾಯಬೇಕಾಗದು ಎಂಬುದು ಇದರ ಲಾಭ. ಆದರೆ 1859ರಲ್ಲಿ ಬೇರೆ ಮಾಡಿದ ಎರಡು ಎಳೆಗಳಲ್ಲಿ ಒಂದು ಇನ್ನೊಂದಕ್ಕೆ ಮತ್ತೆ ಸುತ್ತಿಕೊಂಡಿತು ಎಂಬುದೂ ನಿಜ. ಪೊಲೀಸರ ಕ್ರಮವನ್ನೇ ವಿಚಾರಿಸಬೇಕಾದಾಗ ಹೊರಗಿನ ಕಣ್ಣು ಬೇಕಾಗುತ್ತದೆ. 2019ರ ಡಿಸೆಂಬರ್ 19ರಂದು ಮಂಗಳೂರಿನಲ್ಲಿ ಪೊಲೀಸ್ ಗೋಲಿಬಾರಿನಿಂದ ಇಬ್ಬರು ಮೃತಪಟ್ಟಾಗ ಮ್ಯಾಜಿಸ್ಟ್ರೇಟ್ ವಿಚಾರಣೆಯ ಹೊಣೆಯನ್ನು ಸರಕಾರ ಒಪ್ಪಿಸಿದ್ದು ನೆರೆಯ ಉಡುಪಿಯ ಜಿಲ್ಲಾಧಿಕಾರಿಗೆ.

ಇದು ಇಲ್ಲಿನ ಸಮಸ್ಯೆ ಮಾತ್ರವಲ್ಲ. ಅಮೆರಿಕದ ಕ್ಯಾಲಿಫೋರ್ನಿಯಾ ರಾಜ್ಯದ 58 ಕೌಂಟಿಗಳ ಪೈಕಿ ಹೆಚ್ಚಿನವುಗಳಲ್ಲಿ ಪೊಲೀಸ್ ಮುಖ್ಯಸ್ಥನಾದ ಶೆರಿಫ್ ಮತ್ತು ಅಸಹಜ ಸಾವಿನ ಕಾರಣ ನಿರ್ಧರಿಸುವ ಕಾರೋನರ್ ಎಂಬ ಎರಡು ಹುದ್ದೆಗಳನ್ನು ಖರ್ಚು ಉಳಿಸಲೆಂದು ಕೂಡಿಸಲಾಗಿದೆ. ಸ್ಯಾನ್ ವಾಕೀನ್ ಕೌಂಟಿಯಲ್ಲಿ ಪೊಲೀಸರ ವಶದಲ್ಲಿ ಆದ ಸಾವುಗಳ ನಿರ್ಣಯದಲ್ಲಿ ಹಸ್ತಕ್ಷೇಪ ನಡೆಯುತ್ತಿದೆ ಎಂದು ಆಪಾದಿಸಿ ಶವಪರೀಕ್ಷೆಯ ವೈದ್ಯರು 2017ರಲ್ಲಿ ರಾಜೀನಾಮೆ ಕೊಟ್ಟರು. ಶೆರಿಫ್ ಅದನ್ನು ನಿರಾಕರಿಸಿದರು. ಆದರೂ ಮರುವರ್ಷ ಅಲ್ಲಿನ ಕೌಂಟಿ ಮಂಡಳಿ ಎರಡು ಹುದ್ದೆಗಳನ್ನು ಬೇರ್ಪಡಿಸಲು ತೀರ್ಮಾನಿಸಿತು. 1855ರ ಮದ್ರಾಸಿಗೂ 2018ರ ಕ್ಯಾಲಿಫೋರ್ನಿಯಾಕ್ಕೂ ನಡುವೆ ಸಮುದ್ರಗಳಿದ್ದರೂ ಪ್ರಶ್ನೆ ಒಂದೇ: ದೂರು ಯಾರ ಮೇಲೋ ಅವರಿಗೇ ದೂರು ಕೊಡಬೇಕೇ?

ಅಳತೆಗೋಲು

ಹಾಗಾದರೆ ಯಾವುದನ್ನು ಕೂಡಿಸಬೇಕು, ಯಾವುದನ್ನು ಕೂಡಿಸಬಾರದು? ಎರಡು ಶತಮಾನಗಳ ಈ ಅನುಭವದಿಂದ ಒಂದು ಸರಳ ಅಳತೆಗೋಲು ಸಿಗುತ್ತದೆ. ಸೇವೆಗಳನ್ನು ಒಂದೆಡೆ ತರುವುದು ಬೇರೆ, ಅಧಿಕಾರಗಳನ್ನು ಒಬ್ಬನಲ್ಲಿ ತರುವುದು ಬೇರೆ. 2025ರಲ್ಲಿ ಮಂಗಳೂರಿನ ಪಡೀಲಿನಲ್ಲಿ ಜಿಲ್ಲಾಡಳಿತದ ಹೊಸ ಸಂಕೀರ್ಣ ಪ್ರಜಾಸೌಧ ಉದ್ಘಾಟನೆಯಾಯಿತು. ಹತ್ತು ಕಚೇರಿ ಒಂದೇ ಸೂರಿನಡಿ ಬಂದರೆ ಸುಳ್ಯದಿಂದ ಬಂದವನಿಗೆ ಊರೆಲ್ಲ ಅಲೆಯುವುದು ತಪ್ಪುತ್ತದೆ. ಇಂಥ ಕೂಡಿಸುವಿಕೆ ಎಷ್ಟಿದ್ದರೂ ಒಳ್ಳೆಯದೇ. ಆದರೆ ತೆರಿಗೆ ಹಾಕುವವನೂ ಅದರ ವಿರುದ್ಧದ ದೂರು ಕೇಳುವವನೂ, ಲೆಕ್ಕ ಬರೆಯುವವನೂ ಅದನ್ನು ಪರಿಶೀಲಿಸುವವನೂ, ಬಂಧಿಸುವವನೂ ಬಂಧನ ಸರಿಯೇ ಎಂದು ನೋಡುವವನೂ ಒಬ್ಬನೇ ಆಗಬಾರದು.

ಹುದ್ದೆಗಳನ್ನು ಕೂಡಿಸುವ ಆದೇಶಗಳು ಸಾಮಾನ್ಯವಾಗಿ ಮಿತವ್ಯಯದ, ದಕ್ಷತೆಯ ಹೆಸರಿನಲ್ಲಿ ಸದ್ದಿಲ್ಲದೆ ಬರುತ್ತವೆ. ಆಡಳಿತದ ಅನುಕೂಲಕ್ಕಾಗಿ ಎಂಬ ಎರಡು ಪದ ಅವುಗಳಲ್ಲಿ ಇದ್ದೇ ಇರುತ್ತದೆ. ಅಂಥ ಆದೇಶ ಓದುವಾಗ ಪ್ರಜೆ ಕೇಳಬೇಕಾದ ಪ್ರಶ್ನೆಗಳು ಎರಡೇ. ಇದರಿಂದ ಅರ್ಜಿದಾರನ ನಡಿಗೆ ಕಡಿಮೆಯಾಗುತ್ತದೆಯೇ? ತಪ್ಪಾದರೆ ಕದ ತಟ್ಟಲು ಇನ್ನೊಂದು ಬಾಗಿಲು ಉಳಿದಿದೆಯೇ? ಮೊದಲನೆಯದಕ್ಕೆ ಹೌದೆಂಬ ಉತ್ತರ ಬಂದರೆ ಅದು ಅನುಕೂಲ. ಎರಡನೆಯದಕ್ಕೂ ಹೌದೆಂದಾದರೆ ಮಾತ್ರ ಅದು ಒಳ್ಳೆಯ ಆಡಳಿತ.